ಒಂದೇ ಒಂದು ಬಿಟ್‌ಗಾಗಿ ಪೀಣ್ಯಕ್ಕೆ ವಾಪಸ್

ಹೋದ ತಿಂಗಳು ಈ ಅಂಕಣದಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ & ಚಿಹ್ನೆಯ ಬಗ್ಗೆ ಒಂದು ಸಾಲು ಬರೆದು ಸುಮ್ಮನಾಗಿದ್ದೆ. ಅದೇ ತಪ್ಪಾಯಿತು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಮೇಲೇ ಇವೆ. ಹಾಗಾಗಿ ಈ ಸಲ ಪೂರ್ತಿ ಬಿಟ್‌ಗಳದ್ದೇ, ಅಂದರೆ ಕಂಪ್ಯೂಟರಿನೊಳಗಿನ 0 ಮತ್ತು 1ಗಳದ್ದೇ ಕಾರುಬಾರು. ಪ್ರಿಂಟರ್ ಕೆಟ್ಟವರು, ಮೊಬೈಲ್ ನೀರಿಗೆ ಬಿದ್ದವರು ಮುಂದಿನ ತಿಂಗಳವರೆಗೆ ತಡೆದುಕೊಳ್ಳಿ.

ಪ್ರಶ್ನೆ: ಮೇಡಂ, ಸಿ ಭಾಷೆಯಲ್ಲಿ 6 && 3 ಅಂದರೆ 1 ಬರುತ್ತೆ. 6 & 3 ಅಂದರೆ 2 ಬರುತ್ತೆ. ಎರಡನ್ನೂ ಆ್ಯಂಡ್ ಅಂತಲೇ ಓದುತ್ತೇವೆ. ಈ 2 ಎಲ್ಲಿಂದ ಬಂತು? ಲ್ಯಾಬಿನಲ್ಲಿ ಕೇಳಿದರೆ ಟ್ರೂತ್ ಟೇಬಲ್ ನೋಡ್ಕೋ ಅಂದರು. ನೋಡಿದೆ. ಅದರಲ್ಲಿ 2 ಇಲ್ಲ.
*ಡಿಪ್ಲೊಮಾ ವಿದ್ಯಾರ್ಥಿನಿ, ಹಾವೇರಿ*

ಕೊನೇ ಸಾಲು ಓದಿ ನಕ್ಕೆ. ಆದರೆ ನಿನ್ನ ತಕರಾರು ಸರಿಯಾಗಿಯೇ ಇದೆ. ಆ ಟೇಬಲ್ಲು, ಅಂದರೆ ಯಾವ 0-1ಕ್ಕೆ ಯಾವ ಉತ್ತರ ಅಂತ ತೋರಿಸುವ ಪಟ್ಟಿ, ಅದರಲ್ಲಿ ಇರುವುದು 0 ಮತ್ತು 1 ಮಾತ್ರ. 2 ಬರಬೇಕಾದರೆ ಸಂಖ್ಯೆಯನ್ನು ಮೊದಲು ಬಿಡಿಸಿಡಬೇಕು.

ನಮ್ಮ ಅಜ್ಜಿ ಮನೆಯ ಉಗ್ರಾಣದಲ್ಲಿ ಅಳತೆ ಪಾತ್ರೆಗಳ ಸಾಲೇ ಇತ್ತು. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಒಂದರ ಅರ್ಧ ಇನ್ನೊಂದು. ಚಟಾಕನ್ನು 1 ಅಂದುಕೊಂಡರೆ ಅರೆಪಾವು 2, ಪಾವು 4, ಅಚ್ಚೇರು 8, ಸೇರು 16. ಈಗ ಒಂದು ನಿಯಮ ಹಾಕಿಕೋ. ಒಂದೊಂದು ಪಾತ್ರೆಯನ್ನು ಒಂದೇ ಸಲ ಬಳಸಬೇಕು. ಆಗಲೂ 1ರಿಂದ 31 ಚಟಾಕಿನವರೆಗೆ ಯಾವ ಅಳತೆ ಬೇಕಾದರೂ ಅಳೆಯಬಹುದು. 13 ಬೇಕಾ? ಅಚ್ಚೇರು, ಪಾವು, ಚಟಾಕು. ಬಳಸಿದ ಪಾತ್ರೆಗೆ 1, ಬಳಸದ್ದಕ್ಕೆ 0 ಹಾಕಿ ಸೇರಿನಿಂದ ಶುರು ಮಾಡಿ ಬರೆದರೆ 01101. ಬೈನರಿ ಅಂದರೆ ಇಷ್ಟೇ. ಇದರ ಒಂದೊಂದು ಜಾಗವನ್ನು ಒಂದೊಂದು ಮನೆ ಅನ್ನೋಣ.

6 ಅಂದರೆ ಪಾವು ಮತ್ತು ಅರೆಪಾವು, 110. 3 ಅಂದರೆ ಅರೆಪಾವು ಮತ್ತು ಚಟಾಕು, 011. & ಕೇಳುವ ಪ್ರಶ್ನೆ ಒಂದೇ: ಎರಡು ಕಡೆಯೂ ಬಳಸಿದ ಪಾತ್ರೆ ಯಾವುದು? ಅರೆಪಾವು. ಅದರ ಬೆಲೆ 2. ಸಿಕ್ಕಿತಲ್ಲ?

| ಚಿಹ್ನೆ ಕೇಳುವುದು, ಯಾವುದಾದರೂ ಒಂದು ಕಡೆಯಾದರೂ ಬಳಸಿದ ಪಾತ್ರೆ ಯಾವ್ಯಾವುದು ಅಂತ. ಪಾವು, ಅರೆಪಾವು, ಚಟಾಕು. ಅಂದರೆ 7. ಇಲ್ಲಿ ಸ್ವಲ್ಪ ನಿಲ್ಲು. 6ಕ್ಕೆ 3 ಕೂಡಿಸಿದ್ದರೆ 9 ಆಗುತ್ತಿತ್ತು. ಕೂಡುವಾಗ ಎರಡು ಅರೆಪಾವು ಸೇರಿ ಒಂದು ಪಾವಾಗುತ್ತದೆ, 'ಕೈಯಲ್ಲಿ ಒಂದು' ಅಂತ ಪಕ್ಕದ ಮನೆಗೆ ಕೊಂಡೊಯ್ಯುತ್ತೇವೆ. ಬಿಟ್ ಲೆಕ್ಕದಲ್ಲಿ ಈ 'ಕೈಯಲ್ಲಿ ಒಂದು' ಇಲ್ಲವೇ ಇಲ್ಲ. ಪ್ರತಿ ಮನೆಯೂ ತನ್ನ ಪಾಡಿಗೆ ತಾನು. ಪಾವಿನ ಮನೆಯಲ್ಲಿ ಏನಾಯಿತು ಅಂತ ಚಟಾಕಿನ ಮನೆಗೆ ಗೊತ್ತಾಗುವುದಿಲ್ಲ. ನಿನ್ನ ಟ್ರೂತ್ ಟೇಬಲ್ ಒಂದೊಂದು ಮನೆಗೆ ಒಂದೊಂದು ಸಲ ನಡೆಯುತ್ತದೆ. ಲ್ಯಾಬಿನಲ್ಲಿ ಹೇಳದೆ ಬಿಟ್ಟ ಮಾತು ಅದೇ.

&& ಈ ಪಾತ್ರೆಗಳನ್ನು ನೋಡುವುದೇ ಇಲ್ಲ. ಧಾನ್ಯ ಇದೆಯೋ ಇಲ್ಲವೋ, ಅಷ್ಟೇ ಕೇಳುತ್ತದೆ. ಎಡಗಡೆ ಇದೆ, ಬಲಗಡೆ ಇದೆ, ಹಾಗಾದರೆ 1. ಎಡಗಡೆ ಇಲ್ಲ ಅಂತ ಗೊತ್ತಾದರೆ ಬಲಗಡೆ ಇಣುಕುವುದೂ ಇಲ್ಲ. & ಮಾತ್ರ ಎರಡನ್ನೂ ನೋಡಿಯೇ ತೀರುತ್ತದೆ. ಒಂದು ಕಡೆ 4, ಇನ್ನೊಂದು ಕಡೆ 3 ಇಟ್ಟು ನೋಡು. 4 && 3 ಅಂದರೆ 1, ಅಂದರೆ ಹೌದು. 4 & 3 ಅಂದರೆ 0, ಅಂದರೆ ಇಲ್ಲ. ಪಾವಿಗೂ ಅರೆಪಾವು-ಚಟಾಕಿಗೂ ಯಾವ ಪಾತ್ರೆಯೂ ಸಮಾನ ಇಲ್ಲವಲ್ಲ. ಇಫ್ (ಹೀಗಿದ್ದರೆ ಎಂಬ ಷರತ್ತು) ಒಳಗೆ ಒಂದು & ಬಿಟ್ಟುಹೋದರೆ ಇಡೀ ಸಂಜೆ ಹಾಳು.

ಪ್ರಶ್ನೆ: ಅಕ್ಕಾ, ಅಡಿಕೆ ತೋಟಕ್ಕೆ ಹನಿ ನೀರಾವರಿ ಮಾಡಿದ್ದೇನೆ. ನಾಲ್ಕು ವಾಲ್ವು. ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 4, 5, 6, 7ನೇ ಪಿನ್ನಿಗೆ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕೂಡಿಸಿದ್ದೇನೆ. ವಿಡಿಯೊ ನೋಡಿ ನೇರವಾಗಿ ಪೋರ್ಟ್ ಡಿಗೇ, ಅಂದರೆ 0ರಿಂದ 7ರವರೆಗಿನ ಪಿನ್ನುಗಳಿಗೆ ಒಟ್ಟಿಗೇ, ಬರೆಯುವುದು ಕಲಿತೆ. ಎರಡನೇ ವಾಲ್ವು ತೆರೆಯಲು ಪೋರ್ಟ್ = 32 ಎಂದು ಹಾಕಿದೆ. ಎರಡನೆಯದು ತೆರೆಯಿತು, ಒಂದನೆಯದು ಮುಚ್ಚಿಕೊಂಡಿತು. ರಿಲೇ ಬದಲಾಯಿಸಿದೆ, ಅದೇ ಕಥೆ. ಬೋರ್ಡೇ ಹೋಗಿದೆಯಾ?
*ಅಡಿಕೆ ಬೆಳೆಗಾರ, ಚನ್ನಗಿರಿ*

ಬೋರ್ಡು ಚೆನ್ನಾಗಿದೆ. ಇನ್ನೊಂದು ರಿಲೇಗೆ ದುಡ್ಡು ಹಾಕಬೇಡಿ. ಇದೇ ತಪ್ಪನ್ನು ನಾನು 1994ರಲ್ಲಿ ಮಾಡಿದ್ದೇನೆ, ಅದೂ ಸಂಬಳ ತಗೊಂಡು.

ಆಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇದ್ದೆ. ನೀರಿನ ಮೋಟರಿನ ಕಂಟ್ರೋಲ್ ಪ್ಯಾನೆಲ್ ಮಾಡುತ್ತಿದ್ದೆವು. ಒಳಗೆ 8031 ಚಿಪ್ಪು. ಅದರ ಒಂದು ಪೋರ್ಟಿಗೆ ಎಂಟು ತಂತಿ. ಸೊನ್ನೆಯ ತಂತಿಗೆ ಮೋಟರು, ಮೂರರದಕ್ಕೆ ಬಜರ್. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ಮೋಟರು ಶುರುವಾಗಬೇಕು, ಬಜರ್ ಕೂಗಬೇಕು. ನಾಲ್ಕು ಮಹಡಿಯ ಒಂದು ಅಪಾರ್ಟ್‌ಮೆಂಟಿಗೆ ಅದನ್ನು ಕೂರಿಸಿ ಬಂದೆವು. ಮಾರನೇ ದಿನವೇ ಫೋನು. ನೀರಿಲ್ಲ.

ಹೋಗಿ ನೋಡಿದರೆ ಮೋಟರು ಗುರ್ ಅನ್ನುತ್ತದೆ, ಸುಮ್ಮನಾಗುತ್ತದೆ. ಮತ್ತೆ ಗುರ್, ಮತ್ತೆ ಸುಮ್ಮನೆ. ಸ್ಟಾರ್ಟರ್ ಬಿಚ್ಚಿದೆ. ಫ್ಲೋಟ್ ಸ್ವಿಚ್ ನೋಡಿದೆ. ಓಲ್ಟೇಜ್ ಅಳೆದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ವಾಚ್‌ಮನ್ ಹತ್ತಿರ ಬಂದು, 'ಮೇಡಂ, ಬಜರ್ ಹೊಡೆದ ತಕ್ಷಣ ಮೋಟರ್ ನಿಲ್ತೈತೆ, ನಾನು ನಿನ್ನೆಯಿಂದ ನೋಡ್ತಾ ಇದೀನಿ' ಅಂದರು. ಅರ್ಧ ದಿನ ಮೀಟರ್ ಹಿಡಿದು ಹುಡುಕಿದ್ದು ಒಂದೇ ಮಾತಿನಲ್ಲಿ ಸಿಕ್ಕಿತು.

ನಾನು ಬಜರಿಗಾಗಿ ಪೋರ್ಟಿಗೆ 8 ಬರೆದಿದ್ದೆ. 8 ಅಂದರೆ 00001000. ಬಲದಿಂದ ಸೊನ್ನೆ, ಒಂದು, ಎರಡು ಅಂತ ಎಣಿಸಿದರೆ ಇದರಲ್ಲಿ ಮೂರನೇ ಮನೆಗೆ 1 ಇದೆ, ಸರಿ. ಆದರೆ ಉಳಿದ ಏಳು ಮನೆಗೆ 0 ಕೂಡ ಇದೆ. ಅದೂ ಒಂದು ಆಜ್ಞೆಯೇ. 'ಬಜರ್ ಆನ್ ಮಾಡು' ಅಂತ ನಾನು ಅಂದುಕೊಂಡದ್ದು ಚಿಪ್ಪಿಗೆ 'ಬಜರ್ ಆನ್ ಮಾಡು, ಮಿಕ್ಕ ಎಲ್ಲ ಆಫ್ ಮಾಡು' ಅಂತ ಕೇಳಿಸಿತ್ತು. ನಿಮ್ಮ ತೋಟದಲ್ಲಿ ಆಗಿದ್ದೂ ಇದೇ. ನಿಮ್ಮ 4ನೇ ಪಿನ್ನಿನ ಬೆಲೆ 16, 5ನೆಯದು 32, 6ನೆಯದು 64, 7ನೆಯದು 128. ಪೋರ್ಟ್ = 32 ಅಂದಾಗ 16ರ ಮನೆಗೆ ಸೊನ್ನೆ ಬಿತ್ತು.

ಬೇಕಾದ ಮನೆಯನ್ನು ಮಾತ್ರ ಮುಟ್ಟಬೇಕು, ಉಳಿದದ್ದು ಇದ್ದ ಹಾಗೇ ಇರಬೇಕು. ಅದಕ್ಕೇ ಈ ಚಿಹ್ನೆಗಳು ಇರುವುದು.

ತೆರೆಯಲು: ಪೋರ್ಟ್ = ಪೋರ್ಟ್ | 32
ಮುಚ್ಚಲು: ಪೋರ್ಟ್ = ಪೋರ್ಟ್ & ~32
ಇದ್ದದ್ದನ್ನು ತಿರುಗಿಸಲು: ಪೋರ್ಟ್ = ಪೋರ್ಟ್ ^ 32
ತೆರೆದಿದೆಯಾ ನೋಡಲು (!= ಅಂದರೆ ಸಮವಲ್ಲ): (ಪೋರ್ಟ್ & 32) != 0

ಮೊದಲನೆಯದರಲ್ಲಿ 32ರ ಸೊನ್ನೆಗಳು ಏನೂ ಮಾಡುವುದಿಲ್ಲ. ಸೊನ್ನೆಯ ಜೊತೆ ಆರ್ (|) ಮಾಡಿದರೆ ಇದ್ದದ್ದೇ ಉಳಿಯುತ್ತದೆ. ಎರಡನೆಯದರಲ್ಲಿ ~ ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0. ಹಾಗಾಗಿ ~32 ಅಂದರೆ 11011111. ಒಂದರ ಜೊತೆ ಆ್ಯಂಡ್ ಮಾಡಿದರೆ ಇದ್ದದ್ದೇ ಉಳಿಯುತ್ತದೆ, ಸೊನ್ನೆ ಇರುವ ಆ ಒಂದು ಮನೆ ಮಾತ್ರ ಆರುತ್ತದೆ. ಈ 32ನ್ನು ಮಾಸ್ಕ್ ಅನ್ನುತ್ತಾರೆ. ಗೋಡೆಗೆ ಬಣ್ಣ ಬಳಿಯುವವರು ಸ್ವಿಚ್ ಬೋರ್ಡಿನ ಸುತ್ತ ಪೇಪರ್ ಅಂಟಿಸಿಕೊಳ್ಳುತ್ತಾರಲ್ಲ, ಹಾಗೆ. ಇನ್ನೊಂದು ಮಾತು: ಊನೋ ಬೋರ್ಡಿನಲ್ಲಿ ಇದೇ ಪೋರ್ಟಿನ 0 ಮತ್ತು 1ನೇ ಪಿನ್ನುಗಳು ಕಂಪ್ಯೂಟರಿನ ಜೊತೆ ಮಾತಾಡುವ ಸೀರಿಯಲ್ ತಂತಿಗಳು. ಆ ಮನೆಗಳಿಗೂ ಸುಮ್ನೆ ಏನೇನೋ ಬರೆಯಬಾರದು. ಮತ್ತೆ ನಿಮ್ಮ ರಿಲೇ ಬೋರ್ಡು 0 ಕೊಟ್ಟರೆ ಆನ್ ಆಗುವ ಜಾತಿಯದಾ ಅಂತಲೂ ನೋಡಿಕೊಳ್ಳಿ. ಹಾಗಿದ್ದರೆ ತೆರೆಯುವ ಸಾಲು, ಮುಚ್ಚುವ ಸಾಲು ಅದಲು ಬದಲು.

ನನ್ನ ಕಥೆಯ ಬಾಲ ಉಳಿದಿದೆ. ನಾವು ಆಗ ಅಸೆಂಬ್ಲಿ ಎಂಬ ಚಿಪ್ಪಿನ ಭಾಷೆಯಲ್ಲಿ ಬರೆಯುತ್ತಿದ್ದೆವು. ನಾನು ಹಾಕಿದ್ದ ಆಜ್ಞೆ ಮೂವ್, ಅಂದರೆ 'ಇದನ್ನೇ ಬರೆ'. ಹಾಕಬೇಕಾಗಿದ್ದದ್ದು ಆರ್ ಮಾಡುವ ಓಆರ್‌ಎಲ್. ಪ್ರೋಗ್ರಾಂ ಇದ್ದದ್ದು ಇಪ್ರಾಮ್ ಚಿಪ್ಪಿನಲ್ಲಿ, ತಲೆ ಮೇಲೆ ಪುಟ್ಟ ಗಾಜಿನ ಕಿಟಕಿ ಇರುತ್ತದಲ್ಲ ಅದು. ನೇರಳಾತೀತ ದೀಪದ ಕೆಳಗೆ ಇಟ್ಟು ಅಳಿಸಿದಾಗ ಅದರ ಎಲ್ಲ ಬಿಟ್‌ಗಳೂ 1 ಆಗುತ್ತವೆ. ಬರೆಯುವಾಗ 1ನ್ನು 0 ಮಾಡಬಹುದು, 0ಯನ್ನು ಮತ್ತೆ 1 ಮಾಡಲಾಗದು. ಅಂದರೆ ಬರೆದದ್ದರ ಮೇಲೆ ಮತ್ತೆ ಬರೆದರೆ ಹಳೆಯದಕ್ಕೂ ಹೊಸದಕ್ಕೂ ಆ್ಯಂಡ್ ಮಾಡಿದಂತೆ. ಚಿಪ್ಪಿಗೆ ಬರೆಯುವ ಪ್ರೋಗ್ರಾಮರ್ ಪೆಟ್ಟಿಗೆ ಕಾರಿನಲ್ಲೇ ಇತ್ತು, ದೀಪ ಕಾರ್ಖಾನೆಯಲ್ಲಿತ್ತು. ಅಳಿಸದೆ ಮೇಲೆಯೇ ತಿದ್ದಲು ಆಗುತ್ತದಾ ಅಂತ ಆ ಪಂಪ್ ರೂಮಿನಲ್ಲಿ ಕೂತು ಲೆಕ್ಕ ಹಾಕಿದೆ. ಮೂವ್ ಆಜ್ಞೆಯ ಸಂಖ್ಯೆ 117, ಅಂದರೆ 01110101. ಓಆರ್‌ಎಲ್ ಆಜ್ಞೆಯದು 67, ಅಂದರೆ 01000011. ಒಂದರ ಕೆಳಗೆ ಒಂದು ಬರೆದು ನೋಡಿ. ಮೂರು ಮನೆಗಳಲ್ಲಿ 1 ಹೋಗಿ 0 ಆಗಬೇಕು, ಅದು ಸಲೀಸು. ಬಲದಿಂದ ಎರಡನೇ ಮನೆಯಲ್ಲಿ, ಅಂದರೆ ಬೆಲೆ 2ರ ಮನೆಯಲ್ಲಿ, ಮಾತ್ರ 0 ಹೋಗಿ 1 ಆಗಬೇಕು.

ಆ ಒಂದು ಬಿಟ್‌ಗಾಗಿ ಪೀಣ್ಯಕ್ಕೆ ವಾಪಸ್ ಹೋದೆ. ಚಿಪ್ಪು ಅಳಿಸಿ, ಬರೆದು, ತಿರುಗಿ ಬಂದು ಹಾಕುವಷ್ಟರಲ್ಲಿ ಕತ್ತಲಾಗಿತ್ತು. ನಾಲ್ಕನೇ ಮಹಡಿಯವರು ಬಕೆಟ್ಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಯಾರೂ ಮಾತಾಡಿಸಲಿಲ್ಲ.

ಪ್ರಶ್ನೆ: ನಾನು ಗಣಿತದ ಮೇಡಂ. ಮಕ್ಕಳಿಗೆ ತೋರಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. 2^3 ಕೊಟ್ಟರೆ 8 ಬರಬೇಕಲ್ಲ, 1 ಬರುತ್ತಿದೆ. ನನ್ನ ಲ್ಯಾಪ್‌ಟಾಪಿನದೇ ತೊಂದರೆಯಾ?
*ಪ್ರೌಢಶಾಲಾ ಶಿಕ್ಷಕಿ, ಶಿರಸಿ*

ಇಲ್ಲ ಮೇಡಂ. ಎಕ್ಸೆಲ್‌ನಲ್ಲಿ ಆ ಟೋಪಿ ಚಿಹ್ನೆ ಅಂದರೆ ಘಾತ. ಸಿ, ಜಾವಾ, ಪೈಥಾನ್‌ಗಳಲ್ಲಿ ಅದು ಎಕ್ಸಾರ್. ಪೈಥಾನಿನಲ್ಲಿ ಘಾತಕ್ಕೆ 2**3 ಎಂದು ಬರೆಯಿರಿ.

ಎಕ್ಸಾರ್ ನಿಮ್ಮ ಮನೆಯಲ್ಲೇ ಇದೆ. ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್ ಇರುತ್ತದಲ್ಲ? ಎರಡೂ ಒಂದೇ ಕಡೆ ಇದ್ದರೆ ದೀಪ ಆರಿರುತ್ತದೆ, ಬೇರೆ ಬೇರೆ ಕಡೆ ಇದ್ದರೆ ಉರಿಯುತ್ತದೆ. ಯಾವ ಸ್ವಿಚ್ ಒತ್ತಿದರೂ ದೀಪದ ಸ್ಥಿತಿ ತಿರುಗುತ್ತದೆ. 2 ಅಂದರೆ 10, 3 ಅಂದರೆ 11. ಎಡ ಮನೆಯಲ್ಲಿ ಎರಡೂ ಒಂದೇ, ಆದ್ದರಿಂದ 0. ಬಲ ಮನೆಯಲ್ಲಿ ಬೇರೆ, ಆದ್ದರಿಂದ 1.

ಮಕ್ಕಳಿಗೆ ಒಂದು ಆಟ ಹೇಳಿಕೊಡಿ. 7, 4, 9, 4, 7 ಇವನ್ನು ಯಾವ ಕ್ರಮದಲ್ಲಾದರೂ ಸಾಲಾಗಿ ಎಕ್ಸಾರ್ ಮಾಡಿಸಿ. 9 ಉಳಿಯುತ್ತದೆ. ಎರಡು ಸಲ ಬಂದದ್ದು ಎರಡು ಸಲ ಸ್ವಿಚ್ ಒತ್ತಿದ ಹಾಗೆ, ಅಲ್ಲಿಂದಲ್ಲಿಗೆ ಆಯಿತು. ಮದುವೆ ಮನೆ ಬಾಗಿಲಲ್ಲಿ ಜೋಡಿ ಇಲ್ಲದ ಚಪ್ಪಲಿ ಹುಡುಕಿದಂತೆ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಪಂಡಿತ. ಮೊಮ್ಮಗ ಕಂಪ್ಯೂಟರ್ ಓದುತ್ತಿದ್ದಾನೆ. ~5 ಎಂದರೆ -6 ಎನ್ನುತ್ತಾನೆ. ಯಾಕೋ ಅಂದರೆ ಅವನಿಗೂ ತಿಳಿಯದು. ನನಗೆ ಅರ್ಥವಾಗುವ ಹಾಗೆ ಹೇಳಲು ಸಾಧ್ಯವೇ?
*ಓದುಗರು, ಹೊಸದುರ್ಗ*

ಮೇಷ್ಟ್ರೇ, ಇದನ್ನು ನೀವೇ ಅವನಿಗೆ ಹೇಳಿಕೊಡಬಹುದು. ಹೈಸ್ಕೂಲಿನಲ್ಲಿ ನೀವು ಬಾಯಿಪಾಠ ಮಾಡಿಸಿದ ಗಣಗಳ ಪದ್ಯ ನೆನಪು ಮಾಡಿಕೊಳ್ಳಿ. ಅದರಲ್ಲಿ ಗಣಗಳು ಎರಡೆರಡಾಗಿ ಬರುತ್ತವೆ. ಮ ಮತ್ತು ನ, ಭ ಮತ್ತು ಯ, ಜ ಮತ್ತು ರ, ಸ ಮತ್ತು ತ. ಗುರುವಿಗೆ 1, ಲಘುವಿಗೆ 0 ಹಾಕಿ ಬರೆಯಿರಿ. ಮ 111, ನ 000. ಭ 100, ಯ 011. ಜ 010, ರ 101. ಸ 001, ತ 110. ಪ್ರತಿ ಜೋಡಿಯಲ್ಲೂ ಒಂದರ ಗುರುವಿನ ಜಾಗದಲ್ಲಿ ಇನ್ನೊಂದರ ಲಘು. ~ ಚಿಹ್ನೆ ಮಾಡುವ ಕೆಲಸ ಇದೇ. ~ಭ ಅಂದರೆ ಯ. ~ಯ ಅಂದರೆ ಭ. ಆ ಪದ್ಯ ಕಟ್ಟಿದವರು ನಾಟ್ ಆಪರೇಟರನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ನನಗಂತೂ ಇದು ಹೊಳೆದದ್ದು ಐವತ್ತು ದಾಟಿದ ಮೇಲೆ.

ಈಗ -6ಕ್ಕೆ ಬರೋಣ. ಯಾವ ಜೋಡಿಯನ್ನು ಕೂಡಿದರೂ ಸಿಗುವುದು ಮಗಣವೇ, ಎಲ್ಲವೂ ಗುರು. ಎಂಟು ಮನೆಗಳಲ್ಲಿ 5 ಅಂದರೆ 00000101. ತಿರುಗಿಸಿದರೆ 11111010. ಎರಡನ್ನೂ ಕೂಡಿದರೆ 11111111. ಇದಕ್ಕೆ ಇನ್ನೊಂದು 1 ಕೂಡಿ. ಎಲ್ಲ ಮನೆಯೂ ಸೊನ್ನೆಯಾಗಿ, 'ಕೈಯಲ್ಲಿ ಒಂದು' ಒಂಬತ್ತನೇ ಮನೆಗೆ ಹೋಗಬೇಕು. ಒಂಬತ್ತನೇ ಮನೆ ಇಲ್ಲ. ಅದು ಬಿದ್ದುಹೋಯಿತು. ಉಳಿದದ್ದು ಸೊನ್ನೆ. 1 ಕೂಡಿದರೆ ಸೊನ್ನೆಯಾಗುವ ಸಂಖ್ಯೆ ಯಾವುದು? -1. ಹಾಗಾಗಿ ಎಲ್ಲವೂ ಗುರುವಾದ ಸಾಲನ್ನು ಕಂಪ್ಯೂಟರ್ -1 ಎಂದು ಓದುತ್ತದೆ. 5 ಮತ್ತು ~5 ಕೂಡಿದರೆ -1 ಬರಬೇಕಾದರೆ ~5 ಎಷ್ಟಿರಬೇಕು? -6.

ಮೊಮ್ಮಗನಿಗೆ ಇನ್ನೊಂದು ಮಾತು. ಎಂಟು ಮನೆಯ ಸಾಲನ್ನು ಋಣಚಿಹ್ನೆ ಇಲ್ಲದೆ ಓದಿದರೆ ಅದೇ 11111010 ಎಂಬುದು 250. ಅದು ಬೇಕಾದರೆ ~5 & 255 ಎಂದು ಬರೆಯಲಿ. ಸಾಲು ಒಂದೇ, ಓದುವ ರೀತಿ ಎರಡು. ಹಳಗನ್ನಡ ಪದ್ಯ ಬಿಡಿಸುವಾಗ ನೀವು ಇದನ್ನು ಎಷ್ಟೋ ಸಲ ಹೇಳಿರುತ್ತೀರಿ.

ಪ್ರಶ್ನೆ: ಸರಿ ಸಂಖ್ಯೆ, ಬೆಸ ಸಂಖ್ಯೆ ಹುಡುಕಲು ಸಿ ಭಾಷೆಯಲ್ಲಿ ಇಫ್ ಒಳಗೆ ಎನ್ & 1 == 0 ಎಂದು ಬರೆದೆ. ಯಾವ ಸಂಖ್ಯೆ ಕೊಟ್ಟರೂ ಬೆಸ ಅನ್ನುತ್ತದೆ. 4 ಕೂಡ ಬೆಸವಂತೆ.
*ಬಿಸಿಎ ವಿದ್ಯಾರ್ಥಿ, ಮೈಸೂರು*

ನಿಮ್ಮ ಯೋಚನೆ ಸರಿ. ಚಟಾಕಿನ ಮನೆ ಖಾಲಿ ಇದ್ದರೆ ಅದು ಸರಿ ಸಂಖ್ಯೆ. ಆದರೆ ಸಿ ಭಾಷೆ & ಚಿಹ್ನೆಗಿಂತ ಮೊದಲು == ನೋಡುತ್ತದೆ. 1 == 0 ಸುಳ್ಳು, ಅಂದರೆ 0. ಆಮೇಲೆ ಎನ್ & 0. ಅದು ಯಾವಾಗಲೂ 0. (ಎನ್ & 1) == 0 ಎಂದು ಆವರಣ ಹಾಕಿ, ಮುಗಿಯಿತು.

ಇಷ್ಟು ಪೆದ್ದ ನಿಯಮ ಯಾಕೆ ಅಂತ ಕೇಳಬೇಕಿತ್ತು ನೀವು, ಕೇಳಿಲ್ಲ. ನಾನೇ ಹೇಳುತ್ತೇನೆ. ಸಿ ಭಾಷೆಯ ಹಿಂದೆ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಕೆನ್ ಥಾಂಪ್ಸನ್ ಮಾಡಿದ ಬಿ ಎಂಬ ಭಾಷೆ ಇತ್ತು. ಅದರಲ್ಲಿ && ಇರಲಿಲ್ಲ. ಎರಡೂ ಕೆಲಸಕ್ಕೆ ಒಂದೇ &. ಇಫ್ ಒಳಗೆ ಬಂದರೆ ಹೌದು-ಅಲ್ಲ ಎಂದು ಓದಿಕೊಳ್ಳುತ್ತಿತ್ತು, ಬೇರೆ ಕಡೆ ಬಿಟ್ ಲೆಕ್ಕ. ಆಗ ಜನ ಎ == ಬಿ & ಸಿ == ಡಿ ಎಂದು ಬರೆಯುತ್ತಿದ್ದರು. ಹಾಗಾಗಿ == ಮೊದಲು ಆಗಲೇಬೇಕಿತ್ತು. ಆಮೇಲೆ ಸಿ ಭಾಷೆ ಕಟ್ಟಿದ ಡೆನ್ನಿಸ್ ರಿಚಿಯವರು ಅಲನ್ ಸ್ನೈಡರ್ ಎಂಬವರ ಸಲಹೆಯ ಮೇಲೆ ಸಿ ಭಾಷೆಗೆ && ಮತ್ತು || ತಂದರು. ಆ ಹೊತ್ತಿಗೆ & ಚಿಹ್ನೆಯನ್ನು ಮೇಲಕ್ಕೆ ಸರಿಸಬಹುದಿತ್ತು. ಸರಿಸಲಿಲ್ಲ. ಬರೆದಿಟ್ಟ ಕೋಡು ಕೆಟ್ಟೀತು ಎಂಬ ಹೆದರಿಕೆ. ಆಗ ಸಿ ಇದ್ದದ್ದು ಮೂರೇ ಕಡೆ, ಕೋಡು ಕೆಲವು ನೂರು ಕಿಲೋಬೈಟ್ ಎಂದು ರಿಚಿಯವರೇ ಆಮೇಲೆ ಬರೆದಿದ್ದಾರೆ. ಆ ಮೂರು ಮನೆಯವರಿಗೆ ತೊಂದರೆ ಆಗದಿರಲಿ ಅಂತ ಊರಿಗೆಲ್ಲ ಬಂದ ತೊಂದರೆ ಇದು. ಜಾವಾ, ಜಾವಾಸ್ಕ್ರಿಪ್ಟ್ ಕೂಡ ಅದೇ ಕ್ರಮವನ್ನು ಹೊತ್ತುಕೊಂಡು ಬಂದವು. ಪೈಥಾನ್ ಮತ್ತು ಗೋ ಭಾಷೆಗಳವರು ಸರಿ ಮಾಡಿಕೊಂಡಿದ್ದಾರೆ. ನಾನು ಮಾತ್ರ ಯಾವ ಭಾಷೆಯಲ್ಲಾದರೂ ಆವರಣ ಹಾಕಿಯೇ ಬರೆಯುತ್ತೇನೆ. ಒಂದು ಆವರಣಕ್ಕೆ ದುಡ್ಡೇನೂ ಇಲ್ಲವಲ್ಲ.

ಪ್ರಶ್ನೆ: ನಮ್ಮೂರಿನ ಒಂದು ಸಹಕಾರ ಸಂಘಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ಲೆಕ್ಕದ ಪುಟ ಮಾಡಿಕೊಟ್ಟಿದ್ದೇನೆ. ಎಲ್ಲವನ್ನೂ ಪೈಸೆಯಲ್ಲಿ ಇಟ್ಟು, ದಶಾಂಶ ಕತ್ತರಿಸಲು ಕೊನೆಗೆ | 0 ಹಾಕುತ್ತೇನೆ. ವರ್ಷವಿಡೀ ಸರಿಯಿತ್ತು. ಒಟ್ಟು ಠೇವಣಿ 3 ಕೋಟಿ ರೂಪಾಯಿ ಮುಟ್ಟಿದಾಗ ಮೈನಸ್ 1 ಕೋಟಿ 29 ಲಕ್ಷ ತೋರಿಸಿತು. ಕಾರ್ಯದರ್ಶಿಗಳು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಜೊತೆಗೆ ಇನ್ನೊಂದು: ಎರಡರಿಂದ ಗುಣಿಸಲು << ಬಳಸಿದರೆ ವೇಗ ಜಾಸ್ತಿಯಾ?
*ವೆಬ್‌ಸೈಟ್ ಮಾಡುವವನು, ಕುಂದಾಪುರ*

ತಮ್ಮಾ, ಮೊದಲು ಕಾರ್ಯದರ್ಶಿಗಳಿಗೆ ಒಂದು ಕಾಫಿ ಕೊಡಿಸಿ.

ಜಾವಾಸ್ಕ್ರಿಪ್ಟಿನ ಸಂಖ್ಯೆಗಳು ಸಾಕಷ್ಟು ದೊಡ್ಡವು. ಆದರೆ | ಕಂಡ ತಕ್ಷಣ ಅದು ಸಂಖ್ಯೆಯನ್ನು 32 ಮನೆಯ ಸಾಲಿಗೆ ತುರುಕುತ್ತದೆ. ಎಡಗಡೆಯ ಮನೆ ಋಣಚಿಹ್ನೆಗೆ ಮೀಸಲು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ಪೈಸೆ ಲೆಕ್ಕದಲ್ಲಿ 2 ಕೋಟಿ 14 ಲಕ್ಷದ 74 ಸಾವಿರ ಚಿಲ್ಲರೆ ರೂಪಾಯಿ. ನಿಮ್ಮ 3 ಕೋಟಿ ರೂಪಾಯಿ ಎಂದರೆ 3000000000 ಪೈಸೆ. ಅದರಿಂದ ಎರಡರ 32ನೇ ಘಾತ, ಅಂದರೆ 4294967296 ಕಳೆದರೆ -1294967296. ನಿಮ್ಮ ಪುಟ ತೋರಿಸಿದ ಸಂಖ್ಯೆ ಇದೇ. ದಶಾಂಶ ಕತ್ತರಿಸಲು ಅದಕ್ಕೆಂದೇ ಇರುವ ಟ್ರಂಕ್ ಫಂಕ್ಷನ್ ಬಳಸಿ. ಯಾರೋ ಜಾಣತನ ತೋರಿಸಲು ಬರೆದದ್ದನ್ನು ದುಡ್ಡಿನ ಲೆಕ್ಕಕ್ಕೆ ಹಾಕಬಾರದು.

ಎರಡನೇ ಪ್ರಶ್ನೆಗೆ: ಇಲ್ಲ. ಎಡಕ್ಕೆ ಒಂದು ಮನೆ ತಳ್ಳಿದರೆ ಅರೆಪಾವು ಪಾವಾಗುತ್ತದೆ, ಪಾವು ಅಚ್ಚೇರಾಗುತ್ತದೆ, ನಿಜ. ಆದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಈಗಿನ ಕಂಪೈಲರ್‌ಗಳು ಅದನ್ನು ತಾವೇ ಮಾಡಿಕೊಳ್ಳುತ್ತವೆ. ಗುಣಾಕಾರ ಬೇಕಿದ್ದರೆ ಗುಣಾಕಾರವನ್ನೇ ಬರೆಯಿರಿ. ಬಲಕ್ಕೆ ತಳ್ಳುವಾಗ ಇನ್ನೂ ಹುಷಾರು. ಜಾವಾದಲ್ಲಿ -7 / 2 ಎಂದರೆ -3, -7 >> 1 ಎಂದರೆ -4.

ಪ್ರಶ್ನೆ: ಡಿಟಿಪಿ ಅಂಗಡಿ ಇದೆ. ಕೆಲವು ಗಿರಾಕಿಗಳ ಕನ್ನಡ ಫೈಲು ತೆರೆದರೆ ತಲೆ ಮೇಲೆ ಗೀರಿರುವ ಇಂಗ್ಲಿಷ್ ಎ, ಅದರ ಪಕ್ಕ ಪುಟ್ಟ 2 ಅಥವಾ ಪುಟ್ಟ 3, ಆಮೇಲೆ ಏನೋ ಒಂದು ಗುರುತು. ಪುಟದ ತುಂಬಾ ಇದೇ. ಫೈಲು ಹಾಳಾಗಿದೆಯಾ?
*ಓದುಗರು, ಬಳ್ಳಾರಿ*

ಹಾಳಾಗಿಲ್ಲ. ನಿಮ್ಮ ಸಾಫ್ಟ್‌ವೇರಿಗೆ 'ಇದು ಯುಟಿಎಫ್-8' ಎಂದು ಹೇಳಿ ತೆರೆಯಿರಿ, ಅಕ್ಷರಗಳು ಎದ್ದು ಬರುತ್ತವೆ. ಅದೇ ಎ, ಅದೇ ಪುಟ್ಟ 2 ಯಾಕೆ ಮತ್ತೆ ಮತ್ತೆ ಬರುತ್ತದೆ ಎಂಬುದು ಮಜವಾಗಿದೆ.

ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ 'ಕ' ಅಕ್ಷರದ ಸಂಖ್ಯೆ 3221. ಒಂದು ಬೈಟಿಗೆ ಎಂಟೇ ಮನೆ, 255ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಹಾಗಾಗಿ ಅದನ್ನು ಮೂರು ತುಂಡು ಮಾಡುತ್ತಾರೆ. 3221ನ್ನು 12 ಮನೆ ಬಲಕ್ಕೆ ತಳ್ಳಿದರೆ 0, ಅದಕ್ಕೆ | 224. ಮೊದಲ ಬೈಟು 224. 6 ಮನೆ ತಳ್ಳಿ & 63 ಮಾಡಿದರೆ 50, ಅದಕ್ಕೆ | 128. ಎರಡನೇ ಬೈಟು 178. ತಳ್ಳದೆ & 63 ಮಾಡಿದರೆ 21, ಅದಕ್ಕೆ | 128. ಮೂರನೆಯದು 149. ತಳ್ಳು, ಮುಚ್ಚು, ಗುರುತು ಹಾಕು. ಚನ್ನಗಿರಿಯ ವಾಲ್ವಿನ ಲೆಕ್ಕವೇ ಇದು. ಯುಟಿಎಫ್-8 ಎಂಬ ಈ ಪದ್ಧತಿಯನ್ನು 1992ರಲ್ಲಿ ಕಟ್ಟಿದವರು ರಾಬ್ ಪೈಕ್ ಮತ್ತು ಕೆನ್ ಥಾಂಪ್ಸನ್. ಹೌದು, ಮೇಲೆ ಬಂದ ಬಿ ಭಾಷೆಯ ಥಾಂಪ್ಸನ್ನೇ.

ಹಳೇ ವಿಂಡೋಸ್ ಪಟ್ಟಿಯಲ್ಲಿ 224 ಅಂದರೆ ಗೀರಿನ ಎ, 178 ಅಂದರೆ ಪುಟ್ಟ 2, 179 ಅಂದರೆ ಪುಟ್ಟ 3. ಕನ್ನಡದ ಎಲ್ಲ ಅಕ್ಷರಗಳೂ 224ರಿಂದಲೇ ಶುರುವಾಗುತ್ತವೆ. ಸ್ವರ, ವ್ಯಂಜನಗಳಿಗೆ ನಡುವೆ 178. ದೀರ್ಘ ಈ ಗುಣಿತದ ಚಿಹ್ನೆಯಿಂದ ಮುಂದಕ್ಕೆ 179. 'ಬಳ್ಳಾರಿ' ಎಂದು ಬರೆದರೆ ನಡುವಿನ ಬೈಟಿನಲ್ಲಿ ಪುಟ್ಟ 2 ಆರು ಸಲ, ಪುಟ್ಟ 3 ಒಂದು ಸಲ. ಆ 3 ಯಾವುದರದ್ದು ಗೊತ್ತಾ? ಒತ್ತಕ್ಷರ ಮಾಡುವ ಹಲಂತ ಚಿಹ್ನೆಯದ್ದು.

ನೀವು ಬಳ್ಳಾರಿಯವರಾದ್ದರಿಂದ ಇನ್ನೊಂದು. ನಿಮ್ಮಲ್ಲಿ ಮದುವೆ ಕಾರ್ಡು ಎರಡು ಲಿಪಿಯಲ್ಲೂ ಕೇಳುತ್ತಾರಲ್ಲ? ಯುನಿಕೋಡಿನಲ್ಲಿ ತೆಲುಗು 3072ರಿಂದ 3199ರವರೆಗೆ, ಕನ್ನಡ 3200ರಿಂದ 3327ರವರೆಗೆ. ಅಕ್ಕಪಕ್ಕದ ಮನೆ, ಒಳಗೆ ಒಂದೇ ಕ್ರಮ. ಕನ್ನಡದ ಕ 3221, ತೆಲುಗಿನ ಕ 3093. ನಡುವೆ 128, ಅಂದರೆ ಒಂದೇ ಒಂದು ಬಿಟ್. ಯಾವುದೇ ಅಕ್ಷರದ ಸಂಖ್ಯೆಯನ್ನು 8 ಮನೆ ಬಲಕ್ಕೆ ತಳ್ಳಿದಾಗ 12 ಬಂದರೆ ಅದು ಈ ಎರಡರಲ್ಲಿ ಒಂದು. ಆಗ ^ 128 ಮಾಡಿ. ಕನ್ನಡ ಇದ್ದದ್ದು ತೆಲುಗಾಗುತ್ತದೆ. ಮತ್ತೊಮ್ಮೆ ಮಾಡಿದರೆ ವಾಪಸ್ ಕನ್ನಡ. ಶಿರಸಿ ಮೇಡಂ ಅವರ ಮೆಟ್ಟಿಲಿನ ಸ್ವಿಚ್ ಇದ್ದ ಹಾಗೆ. ಹಳಗನ್ನಡದ ೞ ಥರದ ಕೆಲವಕ್ಕೆ ಈ ಲೆಕ್ಕ ಕೂಡುವುದಿಲ್ಲ, ಮದುವೆ ಕಾರ್ಡಿನಲ್ಲಿ ಅದು ಬರುವುದೂ ಇಲ್ಲ ಬಿಡಿ. ಬದಲಾಗುವುದು ಲಿಪಿ ಮಾತ್ರ, ಭಾಷೆ ಅಲ್ಲ. ಹೆಸರು, ಊರು, ಛತ್ರದ ವಿಳಾಸಕ್ಕೆ ಸಾಕು. ನಾನು 'ಬಳ್ಳಾರಿ' ಹಾಕಿ ನೋಡಿದೆ, ಒತ್ತಕ್ಷರ ಸಮೇತ ಸರಿಯಾಗಿ ಬಂತು. 'ಬಂಧು ಮಿತ್ರರ ಆಗಮನ ಬಯಸುವ' ಎಂಬ ಸಾಲನ್ನು ಮಾತ್ರ ತೆಲುಗು ಬಲ್ಲವರ ಕೈಯಲ್ಲೇ ಬರೆಸಿ.